ಭಂಗಿ ಮತ್ತು ನಿಲುವು

‘ಭಂಗಿ’, ‘ನಿಲುವು’ ಎಂಬೆರಡು ಶಬ್ದಗಳು ಮೇಲುನೋಟಕ್ಕೆ ಸಮಾನಾರ್ಥಕಗಳಂತೆ ತೋರಿದರೂ ಅವುಗಳ ನಡುವೆ ಸೂಕ್ಷ್ಮವಾದ ಅಂತರವುಂಟು. ಭಂಗಿಯು ನೋಡುವವರ ಕಣ್ಣಿಗೆ ಒದಗುವ ದೇಹವಿನ್ಯಾಸ. ನಿಲುವಾದರೋ ನಿಂತವರ ಒಳಗಿನಿಂದ ಮೂಡಿಬರುವಂಥದು. ಮೊದಲನೆಯದನ್ನು ಶಿಲ್ಪಶಾಸ್ತ್ರವು ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗಗಳೆಂದು ವಿಂಗಡಿಸಿತು. ಎರಡನೆಯದಕ್ಕೆ ಅಂತಹ ಲಕ್ಷಣವನ್ನು ಹೇಳುವುದು ಸುಲಭವಲ್ಲ. ಇಂದಿನ ಛಾಯಾಚಿತ್ರ ಹಾಗೂ ವೀಡಿಯೋ ಕಲೆಗಳಲ್ಲಿಯ ಮಾನವಾಕೃತಿಯನ್ನು ವಿವೇಚಿಸುವಾಗ, ಕಾಣುವ ಭಂಗಿ ಯಾರು ಕೊಟ್ಟದ್ದು, ಅದರಲ್ಲಿ ನಿಂತವರ ನಿಲುವು ಉಳಿದಿದೆಯೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆಯಾಗಿದೆ.

ಛಾಯಾಚಿತ್ರದಲ್ಲಿ ಭಂಗಿಯು ಆರಂಭದಿಂದಲೂ ಒಂದು ಬಲವಂತವಾಗಿತ್ತು. 1839ರಲ್ಲಿ ಡಾಗೇರನ ವಿಧಾನವು ಪ್ರಕಟವಾದಾಗ ಬಿಂಬವು ಫಲಕದ ಮೇಲೆ ಮೂಡಲು ದೀರ್ಘಕಾಲ ಬೇಕಾಗುತ್ತಿತ್ತು. ಕುಳಿತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಧಾರವನ್ನು ಕೊಡುವುದು ವಾಡಿಕೆಯಾಯಿತು. ಹಳೆಯ ಚಿತ್ರಗಳಲ್ಲಿ ನಾವು ಮೆಚ್ಚುವ ಗಾಂಭೀರ್ಯದಲ್ಲಿ ಆ ಕಬ್ಬಿಣದ ಪಾಲೂ ಇದೆ! ಮುಂದೆ ಈ ಬಲವಂತವು ರಸಾಯನದ್ದಾಗಿ ಉಳಿಯದೆ ಅಧಿಕಾರದ್ದಾಯಿತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥದ ಎಂಟು ಸಂಪುಟಗಳು ಹೊರಬಂದು, ಭಾರತೀಯರನ್ನು ಜಾತಿ-ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿಟ್ಟವು. 1869ರಲ್ಲಿ ಲ್ಯಾಂಪ್ರಿ ಎಂಬಾತನು ಎರಡೆರಡು ಅಂಗುಲದ ಚೌಕಗಳಾಗುವಂತೆ ರೇಷ್ಮೆಯ ನೂಲು ಬಿಗಿದ ಚೌಕಟ್ಟಿನ ಮುಂದೆ ಮನುಷ್ಯರನ್ನು ನಿಲ್ಲಿಸಿ ಅಳೆಯುವ ಕ್ರಮವನ್ನು ಸೂಚಿಸಿದನು. ಅಲ್ಲಿ ನಿಂತವರಿಗೆ ದೇಹವಿತ್ತು, ಭಂಗಿಯಿತ್ತು; ಹೆಸರು ಬೇಕಾಗಿರಲಿಲ್ಲ.

ಈ ಚರಿತ್ರೆಯನ್ನು ತನ್ನ ದೇಹದ ಮೇಲೆಯೇ ಹೊತ್ತು ಪರೀಕ್ಷಿಸಿದವರು ಪುಷ್ಪಮಾಲಾ ಎನ್. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿ ಬರೋಡೆಯಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ ಈ ಕಲಾವಿದೆ, ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡಗೂಡಿ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಮಾಲೆಯನ್ನು ರಚಿಸಿದರು. ರವಿವರ್ಮನ ಲಕ್ಷ್ಮಿ, ಅವನದೇ ಬೆಳದಿಂಗಳ ಸ್ತ್ರೀ, ಬಿಜಾಪುರದ ಆದಿಲಶಾಹಿ ಚಿತ್ರದ ಯೋಗಿನಿ, ಪತ್ರಿಕೆಯ ಚಿತ್ರದಲ್ಲಿ ಕಂಡ ಬಂಧಿತ ಸ್ತ್ರೀ, ಅಳತೆಯ ಚೌಕಗಳ ಮುಂದೆ ನಿಂತ ಬುಡಕಟ್ಟಿನ ಹೆಣ್ಣು—ಇವರೆಲ್ಲರ ಭಂಗಿಗಳನ್ನೂ ಆಕೆಯೇ ಧರಿಸಿದ್ದಾರೆ. ದೇವಿಗೂ ಬಂಧಿತೆಗೂ ಒಂದೇ ಮುಖ. ಈ ಮಾಲೆಯ ಶಕ್ತಿಯೆಲ್ಲ ಇಲ್ಲಿ ಅಡಗಿದೆ. ಮುಖ ಬದಲಾಗದಿದ್ದಾಗ, ಒಬ್ಬಳನ್ನು ಪೂಜ್ಯಳನ್ನಾಗಿಯೂ ಇನ್ನೊಬ್ಬಳನ್ನು ಅಪರಾಧಿಯನ್ನಾಗಿಯೂ ಮಾಡಿದ್ದು ಬಟ್ಟೆ, ಪರದೆ, ಕೈಯಿಟ್ಟ ರೀತಿ ಇವೇ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಲಕ್ಷ್ಮಿಯ ವೇಷವು ಶ್ರದ್ಧಾವಂತರಿಗೆ ಅಪಚಾರವೆನಿಸಬಹುದು. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗಿರುವುದು ದೇವಿಯಲ್ಲ. ಒಬ್ಬ ಚಿತ್ರಕಾರನು ಆಕೆಗೆ ಕೊಟ್ಟ ಭಂಗಿ. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಅವನ ಮುದ್ರಣಾಲಯವು ಅಂತಹ ಚಿತ್ರಗಳನ್ನು ಮನೆಮನೆಯ ಗೋಡೆಗೆ ತಲುಪಿಸಿತು. ಕಾಲಕ್ರಮದಲ್ಲಿ ಆ ಭಂಗಿಯೇ ದೇವಿಯೆಂಬ ಭಾವನೆ ಬೇರೂರಿತು. ಇದನ್ನು ಬಿಡಿಸಿ ತೋರುವುದು ನಿಂದೆಯಾಗಲಾರದು. ಆದರೆ ಅಳತೆಯ ಚೌಕಗಳ ಚಿತ್ರದಲ್ಲಿ ಈ ವಿಧಾನ ಅಷ್ಟೇ ಸಫಲವಾಗಿದೆಯೆಂದು ಹೇಳಲಾಗದು. ಕಲಾವಿದೆ ಆ ಭಂಗಿಯನ್ನು ಬೇಕೆಂದಾಗ ಕಳಚಿಡಬಲ್ಲಳು. ಅಂದು ನಿಂತಿದ್ದವಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಅಣಕದ ನಗೆಯು ಅಳೆದವನನ್ನು ಚುಚ್ಚುತ್ತದೆ, ಅಳೆಸಿಕೊಂಡವಳನ್ನು ಮುಟ್ಟುವುದಿಲ್ಲ.

ಹಿಂದಿನ ಚಿತ್ರವೊಂದನ್ನು ಆಧರಿಸಿಯೇ ಅಮೆರಿಕದ ವೀಡಿಯೋ ಕಲಾವಿದ ಬಿಲ್ ವಿಯೋಲಾ (1951–2024) ಬೇರೆ ದಾರಿ ಹಿಡಿದರು. 1995ರ ‘ದಿ ಗ್ರೀಟಿಂಗ್’ ಕೃತಿಗೆ ಹದಿನಾರನೆಯ ಶತಮಾನದ ಪೊಂಟೊರ್ಮೊನ ವರ್ಣಚಿತ್ರವೇ ಪ್ರೇರಣೆ. ಇಬ್ಬರು ಸ್ತ್ರೀಯರು ಮಾತಾಡುತ್ತಿರುವಲ್ಲಿಗೆ ಮೂರನೆಯವಳು ಬಂದು ಒಬ್ಬಳನ್ನು ಆಲಂಗಿಸುವ ಸುಮಾರು 45 ಸೆಕೆಂಡುಗಳ ಘಟನೆ ಹತ್ತು ನಿಮಿಷಗಳಷ್ಟು ಹಿಗ್ಗಿದೆ. ಭಂಗಿಯು ಇಲ್ಲಿ ಸ್ಥಿರವಲ್ಲ, ಒಂದರಿಂದೊಂದಕ್ಕೆ ಹರಿಯುತ್ತದೆ. ಕೈಬಿಡಲ್ಪಟ್ಟವಳ ಮುಖದಲ್ಲಿ ಸುಳಿಯುವ ಸಂಚಾರಿಭಾವಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆದರೂ ಯಾವ ಚಲನೆಯನ್ನು ನಿಧಾನಿಸಿದರೂ ಅದಕ್ಕೊಂದು ಘನತೆ ತಾನಾಗಿ ಬರುತ್ತದೆಂಬುದನ್ನು ಮರೆಯಬಾರದು. ಅಭಿನಯವು ಗಳಿಸಬೇಕಾದುದನ್ನು ಕೆಲವೊಮ್ಮೆ ಯಂತ್ರವೇ ಗಳಿಸಿಕೊಟ್ಟಿದೆ.

ಡಚ್ ಕಲಾವಿದೆ ರಿನೇಕೆ ಡೈಕ್‌ಸ್ಟ್ರಾ ಅವರದು ಇವೆರಡಕ್ಕೂ ವಿರುದ್ಧವಾದ ಮಾರ್ಗ. ಅಪಘಾತದಲ್ಲಿ ಸೊಂಟದ ಮೂಳೆ ಮುರಿದು, ಚೇತರಿಕೆಗಾಗಿ ಈಜುತ್ತಿದ್ದ ಕಾಲದಲ್ಲಿ, 1991ರಲ್ಲಿ, ಈಜುಕೊಳದಿಂದ ಮೇಲೆದ್ದ ತನ್ನದೇ ಚಿತ್ರವನ್ನು ಅವರು ತೆಗೆದುಕೊಂಡರು. ದಣಿದ ದೇಹಕ್ಕೆ ಭಂಗಿಯನ್ನು ಧರಿಸುವ ಚೈತನ್ಯವೇ ಇರಲಿಲ್ಲ. ಇದರಿಂದ ದೊರೆತ ಅರಿವು ಮುಂದಿನ ಕೃತಿಗಳನ್ನು ರೂಪಿಸಿತು. 1992ರಲ್ಲಿ ಪೋಲೆಂಡಿನ ಸಮುದ್ರತೀರದಲ್ಲಿ ಹಸಿರು ಈಜುಡುಗೆಯ ಬಾಲಿಕೆಯೊಬ್ಬಳು ಅವರ ದೊಡ್ಡ ಕ್ಯಾಮರಾದ ಮುಂದೆ ನಿಂತಳು. ಅವಳ ಭಾರವೆಲ್ಲ ಒಂದು ಕಾಲಿನ ಮೇಲೆ. ನಮ್ಮ ಶಿಲ್ಪಿಗಳು ಆಭಂಗವೆನ್ನುತ್ತಿದ್ದರು, ಪಾಶ್ಚಾತ್ಯ ವಿಮರ್ಶಕರು ಬಾಟಿಚೆಲಿಯ ವೀನಸ್‌ಳನ್ನು ನೆನೆದರು. ಬಾಲಿಕೆ ನಟಿಸುತ್ತಿರಲಿಲ್ಲ, ಚೆನ್ನಾಗಿ ನಿಲ್ಲಲು ಯತ್ನಿಸುತ್ತಿದ್ದಳು, ಅಷ್ಟೆ. ಆ ಯತ್ನವು ಪೂರ್ಣವಾಗಿ ಕೈಗೂಡದ ಎಡೆಯಲ್ಲಿ ನಿಲುವು ಇಣುಕುತ್ತದೆ.

ಅವರ ಇನ್ನೊಂದು ಮಾಲೆಯಲ್ಲಿ ಕಡಲೂ ಇಲ್ಲ, ಒಂದು ಕುರ್ಚಿ ಮಾತ್ರ. ಬಾಸ್ನಿಯದಿಂದ ಆಶ್ರಯ ಬೇಡಿ ಬಂದ ಹುಡುಗಿಯನ್ನು 1994ರಲ್ಲಿ ನೆದರ್ಲೆಂಡ್ಸಿನ ನಿರಾಶ್ರಿತರ ಕೇಂದ್ರದಲ್ಲಿ ಕುರ್ಚಿಯ ಮೇಲೆ ಕೂರಿಸಿ ಚಿತ್ರ ತೆಗೆದ ಡೈಕ್‌ಸ್ಟ್ರಾ, ವರ್ಷ ಎರಡು ವರ್ಷಗಳಿಗೊಮ್ಮೆ ಅವಳಿದ್ದಲ್ಲಿಗೆ ಹೋಗಿ 2008ರವರೆಗೂ ಹಾಗೆಯೇ ಕೂರಿಸಿದರು. ಕೂರಿಸಿದ್ದು ಕಲಾವಿದೆ, ಕುಳಿತ ರೀತಿ ಮಾತ್ರ ವರ್ಷದಿಂದ ವರ್ಷಕ್ಕೆ ಆ ಹುಡುಗಿಯದೇ ಆಗುತ್ತ ಬಂದಿತು. ಮೊದಲ ಚಿತ್ರದಲ್ಲಿ ಅವಳ ಪಾದಗಳು ನೆಲಕ್ಕೆ ತಾಗದೆ ಜೋತಾಡುತ್ತವೆ. ಮುಂದಿನವುಗಳಲ್ಲಿ ನೆಲ ತಾಗುತ್ತವೆ. ಕೊನೆಯ ಚಿತ್ರದಲ್ಲಿ ಅವಳ ಮಡಿಲಲ್ಲಿ ಅವಳದೇ ಕೂಸಿದೆ.