ಉಸಿರು ಸಾಕ್ಷಿ ಹೇಳಿದ ಮೇಲೂ 23 ದಿನ

ಕುಡಿದು ಗಾಡಿ ಓಡಿಸಿದವನನ್ನು ಅಳೆಯಲು ಜಪಾನ್ ಎಳೆದಿರುವ ಗೆರೆ ನಮ್ಮದೇ ಗೆರೆ. ಒಂದು ಲೀಟರ್ ಉಸಿರಿನಲ್ಲಿ 0.15 ಮಿಲಿಗ್ರಾಂ ಮದ್ಯಸಾರ. ರಕ್ತದ ಲೆಕ್ಕಕ್ಕೆ ತಂದರೆ 100 ಮಿಲಿಲೀಟರಿಗೆ 30 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನಲ್ಲಿರುವುದೂ ಅದೇ 30. ಆದರೆ ಬೆಂಗಳೂರಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವನು ಸಾಮಾನ್ಯವಾಗಿ ಕೋರ್ಟಿಗೆ ಹೋಗಿ 10,000 ರೂಪಾಯಿ ದಂಡ ಕಟ್ಟಿ ಬರುತ್ತಾನೆ. ಟೋಕಿಯೊದಲ್ಲಿ, ನಮ್ಮ ಐಟಿ ಮಂದಿ ಗುಂಪಾಗಿ ನೆಲೆಸಿರುವ ನಿಶಿಕಸಾಯಿಯಂಥ ಬಡಾವಣೆಯಲ್ಲಿ, ಅದೇ ತಪ್ಪು ಮಾಡಿದವನ ಮುಂದೆ ಮೂರು ವರ್ಷದವರೆಗಿನ ಸೆರೆ ಅಥವಾ 5 ಲಕ್ಷ ಯೆನ್‌ವರೆಗಿನ ದಂಡ ನಿಂತಿರುತ್ತದೆ. ಅಮಲೇರಿ ತೂರಾಡುತ್ತಿದ್ದನೆಂದು ಸಾಬೀತಾದರೆ ಐದು ವರ್ಷ, 10 ಲಕ್ಷ ಯೆನ್. ಉಸಿರು ಕೊಡಲು ನಿರಾಕರಿಸಿದರೆ ಅದೇ ಬೇರೆ ಅಪರಾಧ. 2024ರ ನವೆಂಬರಿನಿಂದ ಗೆರೆ ದಾಟಿ ಕುಡಿದು ಸೈಕಲ್ ತುಳಿದವನಿಗೂ ಮೂರು ವರ್ಷದವರೆಗೆ ಸೆರೆಯಾಗಬಹುದು.

ಈ ಕಠಿಣತೆಯನ್ನು ನಾನು ಮನಸಾರೆ ಒಪ್ಪುತ್ತೇನೆ, ಅದು ಹುಟ್ಟಿದ ಬಗೆಯನ್ನು ಇನ್ನೂ ಹೆಚ್ಚು. 1999ರ ನವೆಂಬರಿನಲ್ಲಿ ಟೋಕಿಯೊದ ತೋಮೆಯಿ ಹೆದ್ದಾರಿಯಲ್ಲಿ ಕುಡಿದ ಲಾರಿ ಚಾಲಕನೊಬ್ಬ ಒಂದು ಕುಟುಂಬದ ಕಾರಿಗೆ ಹಿಂದಿನಿಂದ ಗುದ್ದಿದ. ಕಾರಿಗೆ ಬೆಂಕಿ ಹೊತ್ತಿ, ಮೂರು ಮತ್ತು ಒಂದು ವರ್ಷದ ಇಬ್ಬರು ಹೆಣ್ಣುಮಕ್ಕಳು ಸತ್ತರು. ಆಗಿನ ಕಾನೂನಿನಲ್ಲಿ ಅದು ಬರೀ ವೃತ್ತಿನಿರತನ ನಿರ್ಲಕ್ಷ್ಯ. ಚಾಲಕನಿಗೆ ಸಿಕ್ಕಿದ್ದು ನಾಲ್ಕು ವರ್ಷ. ಆ ತಂದೆತಾಯಿ ಬೀದಿಗಿಳಿದು ಸಹಿ ಸಂಗ್ರಹಿಸಿದರು. ಲಕ್ಷಾಂತರ ಜನ ಸಹಿ ಹಾಕಿದರು. 2001ರಲ್ಲಿ ದಂಡಸಂಹಿತೆಗೆ ‘ಅಪಾಯಕಾರಿ ಚಾಲನೆಯಿಂದ ಸಾವು’ ಎಂಬ ಹೊಸ ಅಪರಾಧವೇ ಸೇರಿತು. ಈಗ ಅದಕ್ಕೆ 20 ವರ್ಷದವರೆಗೆ ಶಿಕ್ಷೆ. 2006ರ ಆಗಸ್ಟಿನಲ್ಲಿ ಫುಕುವೊಕಾದ ಸೇತುವೆಯ ಮೇಲೆ, ಕುಡಿದಿದ್ದ ನಗರಪಾಲಿಕೆ ನೌಕರನೊಬ್ಬ ಗುದ್ದಿದ ರಭಸಕ್ಕೆ ಒಂದು ಕುಟುಂಬದ ಗಾಡಿ ಸಮುದ್ರಕ್ಕೆ ಬಿದ್ದು ಮೂವರು ಮಕ್ಕಳು ಮುಳುಗಿದರು. ಮರುವರ್ಷ ಕಾನೂನು ಮತ್ತೆ ಬಿಗಿಯಾಯಿತು.

ಆ 2007ರ ತಿದ್ದುಪಡಿಯೇ ಇಡೀ ವ್ಯವಸ್ಥೆಯ ಜೀವಾಳ. ಕುಡಿದವನಿಗೆ ಗಾಡಿ ಕೊಟ್ಟವನಿಗೆ ಓಡಿಸಿದವನಷ್ಟೇ ಶಿಕ್ಷೆ. ಗಾಡಿ ಓಡಿಸುತ್ತಾನೆಂದು ತಿಳಿದೂ ಕುಡಿಯಲು ಕೊಟ್ಟವನಿಗೆ, ಕುಡಿದಿದ್ದಾನೆಂದು ಗೊತ್ತಿದ್ದೂ ‘ನನ್ನನ್ನೂ ಮನೆಗೆ ಬಿಡು’ ಎಂದು ಹತ್ತಿ ಕೂತವನಿಗೆ ಎರಡು ಮೂರು ವರ್ಷದವರೆಗೆ ಸೆರೆ. ಗುಂಡು ಹಾಕುವ ಮೇಜಿನ ಸುತ್ತ ಕೂತ ಎಲ್ಲರನ್ನೂ ಕಾನೂನು ಹೊಣೆಗಾರರನ್ನಾಗಿ ಮಾಡಿತು. ಅಂಗಡಿಯವನು ‘ಗಾಡಿಯಲ್ಲಿ ಬಂದಿರಾ?’ ಎಂದು ಕೇಳತೊಡಗಿದ. ಗುಂಪಿನಲ್ಲಿ ಒಬ್ಬ ಆ ರಾತ್ರಿ ಕುಡಿಯದೆ ಸ್ಟಿಯರಿಂಗ್ ಕಾಯುವವನಾದ. ‘ದೈಕೋ’ ಸೇವೆಗೆ ಫೋನ್ ಮಾಡಿದರೆ ಇಬ್ಬರು ಬರುತ್ತಾರೆ: ಒಬ್ಬ ನಿಮ್ಮ ಕಾರನ್ನೇ ಓಡಿಸಿ ನಿಮ್ಮನ್ನು ಮನೆ ಮುಟ್ಟಿಸುತ್ತಾನೆ, ಇನ್ನೊಬ್ಬ ಅವನನ್ನು ವಾಪಸ್ ಕರೆದೊಯ್ಯಲು ಹಿಂದೆಯೇ ತಮ್ಮ ಗಾಡಿಯಲ್ಲಿ ಬರುತ್ತಾನೆ. 2000ದಲ್ಲಿ ಕುಡಿದ ಚಾಲಕರಿಂದಾದ ಮಾರಣಾಂತಿಕ ಅಪಘಾತಗಳು 1,200ಕ್ಕೂ ಹೆಚ್ಚು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 200ಕ್ಕಿಂತ ಕೆಳಗಿದೆ. ಕುಡಿದವನ ಪಕ್ಕದ ಸೀಟಿನವನನ್ನು ಮುಟ್ಟದ ನಮ್ಮ 185ನೇ ಸೆಕ್ಷನ್ ಇಲ್ಲಿಂದ ಕಲಿಯಬೇಕಾದ್ದು ಬಹಳವಿದೆ.

ನನ್ನ ತಕರಾರು ಶುರುವಾಗುವುದು ಜಪಾನಿನ ಠಾಣೆಯ ಬಾಗಿಲಲ್ಲಿ.

ಬಂಧಿಸಿದ 48 ಗಂಟೆಯೊಳಗೆ ಪೊಲೀಸರು ಆರೋಪಿಯನ್ನು ಪ್ರಾಸಿಕ್ಯೂಟರಿಗೆ ಒಪ್ಪಿಸಬೇಕು. ಪ್ರಾಸಿಕ್ಯೂಟರ್ 24 ಗಂಟೆಯೊಳಗೆ ನ್ಯಾಯಾಧೀಶರಿಂದ ಹತ್ತು ದಿನದ ಕಸ್ಟಡಿ ಕೇಳಬಹುದು, ಅದು ಮುಗಿದ ಮೇಲೆ ಇನ್ನೂ ಹತ್ತು. ಒಟ್ಟು 23 ದಿನ. ಅಷ್ಟು ದಿನವೂ, ಆರೋಪಪಟ್ಟಿ ಸಲ್ಲುವವರೆಗೆ, ಜಾಮೀನು ಎಂಬುದೇ ಇಲ್ಲ. ಆರೋಪಿ ಇರುವುದು ಬಹುತೇಕ ಜೈಲಿನಲ್ಲಲ್ಲ, ಅವನನ್ನು ಪ್ರಶ್ನಿಸುವ ಪೊಲೀಸರದೇ ಠಾಣೆಯ ಲಾಕಪ್ಪಿನಲ್ಲಿ. 1908ರ ಸೆರೆಮನೆ ಕಾಯ್ದೆಯ ಕಾಲದಿಂದ ಬಂದ ಈ ಪದ್ಧತಿಯನ್ನು 2000ದ ದಶಕದಲ್ಲಿ ಬಂದ ಹೊಸ ಕಾಯ್ದೆಯೂ ಉಳಿಸಿಕೊಂಡಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ 2007ರಲ್ಲೂ 2013ರಲ್ಲೂ ಇದನ್ನು ಖಂಡಿಸಿತು. ವಿಚಾರಣೆಯ ಕೋಣೆಯಲ್ಲಿ ವಕೀಲರಿಗೆ ಜಾಗವಿಲ್ಲ. ಸುಮ್ಮನಿರುವ ಹಕ್ಕನ್ನು ಸಂವಿಧಾನದ 38ನೇ ವಿಧಿ ಕೊಟ್ಟಿದೆ, ನಿಜ. ಆದರೆ ಸುಮ್ಮನೆ ಕೂತವನು ಎದ್ದು ಲಾಕಪ್ಪಿಗೆ ವಾಪಸ್ ಹೋಗುವಂತಿಲ್ಲ. ಪ್ರಶ್ನೆಗಳು ಗಂಟೆಗಟ್ಟಲೆ ನಡೆಯಬಹುದು.

ಸಿಕ್ಕವರನ್ನೆಲ್ಲ ಹೀಗೆ ಕೂಡಿಹಾಕುತ್ತಾರೆ ಎಂದಲ್ಲ. ಅಪಘಾತವಾಗದೆ, ವಿಳಾಸ ಖಚಿತವಿದ್ದರೆ, ಹೆಸರು ಬರೆದುಕೊಂಡು ಕಳಿಸಿ ಆಮೇಲೆ ಕರೆಸುವುದೂ ಉಂಟು. ಕಸ್ಟಡಿಗೆ ಕಾನೂನು ಹೇಳುವ ಕಾರಣ ಮೂರು: ನೆಲೆಯಿಲ್ಲದಿರುವುದು, ಸಾಕ್ಷ್ಯ ನಾಶದ ಸಂಶಯ, ಓಡಿಹೋಗುವ ಸಂಶಯ. ಕಿಸೆಯಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇರುವವನ ಮೇಲೆ ಮೂರನೆಯದನ್ನು ಹೊರಿಸುವುದು ಎಲ್ಲಕ್ಕಿಂತ ಸುಲಭ.

ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಬೇಕು. ಕುಡಿದು ಓಡಿಸಿದ ಅಪರಾಧದ ಮುಖ್ಯ ಸಾಕ್ಷ್ಯ ಉಸಿರು. ಅದು ರಸ್ತೆಯ ಮೇಲೇ ಯಂತ್ರದಲ್ಲಿ ದಾಖಲಾಗಿ ಮುಗಿದಿರುತ್ತದೆ. ಆ ಸಂಖ್ಯೆಯನ್ನು ಯಾರೂ ಅಳಿಸಲಾರರು. ಹಾಗಾದರೆ ಉಳಿದ 22 ದಿನ ಏತಕ್ಕೆ? ಗುದ್ದಿ ಪರಾರಿಯಾದವನ ಮಾತು ಬೇರೆ, ಅಲ್ಲಿ ತನಿಖೆಗೆ ನಿಜವಾದ ಕೆಲಸವಿದೆ. ಬರೀ ಉಸಿರಿನ ಕೇಸಿನಲ್ಲಿ ಉಳಿಯುವುದು ಒಂದೇ, ತಪ್ಪೊಪ್ಪಿಗೆ. ಎಷ್ಟು ಕುಡಿದೆ, ಎಲ್ಲಿ ಕುಡಿದೆ, ಯಾರು ಸುರಿದರು, ಪಕ್ಕದಲ್ಲಿದ್ದವನಿಗೆ ಗೊತ್ತಿತ್ತೇ?

ಕಾನೂನಿನ ಅತ್ಯುತ್ತಮ ಭಾಗವೇ ಇಲ್ಲಿ ಅದರ ಅತಿ ಕೆಟ್ಟ ಭಾಗಕ್ಕೆ ಮೇವು ಒದಗಿಸುತ್ತದೆ. ಮೇಜಿನ ಸುತ್ತಲಿನ ಎಲ್ಲರೂ ಹೊಣೆಗಾರರಾದ್ದರಿಂದ ಎಲ್ಲರೂ ಸಾಕ್ಷಿಗಳು. ಸಾಕ್ಷಿಗಳು ಸೇರಿದರೆ ಮಾತು ಹೊಂದಿಸಿಕೊಂಡಾರು ಎಂಬ ನೆಪ ಕಸ್ಟಡಿಗೂ ಸಾಕು, ಭೇಟಿ ನಿಷೇಧದ ಆದೇಶಕ್ಕೂ ಸಾಕು. ಆ ಆದೇಶವಾದರೆ ಹೆಂಡತಿಯೂ ಬಂದು ಮುಖ ನೋಡುವಂತಿಲ್ಲ. ಆದೇಶವಿಲ್ಲದಿದ್ದರೂ ಭೇಟಿ ಇಪ್ಪತ್ತು ನಿಮಿಷ ಮೀರುವುದು ಅಪರೂಪ, ಪಕ್ಕದಲ್ಲಿ ಸಿಬ್ಬಂದಿ ಕೂತಿರುತ್ತಾರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಬೇಕು ಎನ್ನಬಹುದು. ಗಂಡ ಹೆಂಡತಿ ಕನ್ನಡದಲ್ಲಿ ನಾಲ್ಕು ಮಾತಾಡಿಕೊಳ್ಳಲೂ ದುಭಾಷಿ ಬೇಕಾಗುವ ಸ್ಥಿತಿ ಅದು.

ಹೇಳಿಕೆಯ ಕಾಗದವಂತೂ ನನ್ನನ್ನು ತುಂಬ ಕಾಡುತ್ತದೆ. ಆರೋಪಿ ಹೇಳಿದ್ದನ್ನು ಅಧಿಕಾರಿ ತನ್ನ ವಾಕ್ಯಗಳಲ್ಲಿ, ಜಪಾನಿ ಭಾಷೆಯಲ್ಲಿ, ‘ನಾನು’ ಎಂದು ಶುರುಮಾಡಿ ಬರೆಯುತ್ತಾನೆ. ದುಭಾಷಿ ಅದನ್ನು ಬಾಯಲ್ಲಿ ಹೇಳುತ್ತಾರೆ. ಆರೋಪಿ ತಾನು ಓದಲಾಗದ ಲಿಪಿಯ ಕೆಳಗೆ ಸಹಿ ಮಾಡುತ್ತಾನೆ. ತಿದ್ದಲು ಕೇಳುವ ಹಕ್ಕೂ ಸಹಿ ಹಾಕದಿರುವ ಹಕ್ಕೂ ಕಾನೂನಿನಲ್ಲಿವೆ. ಆದರೆ ಹತ್ತನೆಯ ದಿನ ‘ಒಪ್ಪಿಕೊಂಡರೆ ಬೇಗ ಮನೆಗೆ ಹೋಗಬಹುದು’ ಎಂಬ ಆಸೆ ಹುಟ್ಟಿದವನಿಗೆ ಆ ಹಕ್ಕು ನೆನಪಾದೀತೇ? ನಿಸಾನ್ ಕಾರು ಕಂಪನಿಯ ಅಧ್ಯಕ್ಷನಾಗಿದ್ದ ಕಾರ್ಲೋಸ್ ಘೋನ್ 2018ರಲ್ಲಿ ಬಂಧಿತನಾದಾಗ ಈ ಪದ್ಧತಿ ಜಗತ್ತಿನ ಸುದ್ದಿಯಾಯಿತು, ಆದರೆ ಆತನ ಹಿಂದೆ ವಕೀಲರ ದಂಡೇ ಇತ್ತು. ಮೂರು ವಾರ ಕೆಲಸಕ್ಕೆ ಹೋಗದಿದ್ದರೆ ಕಂಪನಿ ಬಿಡಿಸೀತು, ಕೆಲಸ ಹೋದರೆ ವೀಸಾ ಹೋದೀತು ಎಂಬ ಭಯದಲ್ಲಿ ನೆಲ ನೋಡುತ್ತ ಕೂತ ಒಬ್ಬ ಸಾಫ್ಟ್‌ವೇರ್ ನೌಕರನ ಕಥೆಯನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ.

ನ್ಯಾಯವಾಗಿ ಹೇಳಬೇಕಾದ ಒಳ್ಳೆಯ ಅಂಶಗಳೂ ಇವೆ. ವಕೀಲರ ಸಂಘದ ‘ತೋಬಾನ್ ಬೆಂಗೋಶಿ’, ಅಂದರೆ ಪಾಳಿಯ ವಕೀಲರು, ಕೇಳಿದರೆ ಒಮ್ಮೆ ಉಚಿತವಾಗಿ ಲಾಕಪ್ಪಿಗೇ ಬರುತ್ತಾರೆ. ಅವರ ಜೊತೆಗಿನ ಮಾತಿಗೆ ಪೊಲೀಸರ ಕಿವಿ ಇರುವಂತಿಲ್ಲ. 2018ರಿಂದ ಕಸ್ಟಡಿಗೆ ಹೋದ, ವಕೀಲರಿಗೆ ಹಣ ತೆರಲಾಗದ ಪ್ರತಿಯೊಬ್ಬರಿಗೂ ಸರ್ಕಾರದ ವಕೀಲರು ದೊರೆಯುತ್ತಾರೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ಕೇಳಿಕೊಂಡರೆ ಅವನ ದೇಶದ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಲೇಬೇಕು. ಜಪಾನಿಗೆ ಹೊರಟವರಿಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿ ಮಾಡಿಸಲು ನೆನಪಿಸುವ ಕಂಪನಿಗಳು ಈ ಮೂರು ಸಂಗತಿಗಳನ್ನೂ ಬರೆದು ಅವರ ಕೈಗೆ ಕೊಡಬೇಕು.

2019ರಿಂದ ಜಪಾನಿನಲ್ಲಿ ವಿಚಾರಣೆಯ ಪೂರ್ಣ ಚಿತ್ರೀಕರಣ ಕಡ್ಡಾಯ. ಆದರೆ ಅದು ಸಾಮಾನ್ಯ ನಾಗರಿಕರೂ ನ್ಯಾಯಪೀಠದಲ್ಲಿ ಕೂರುವ ಘೋರ ಅಪರಾಧಗಳಿಗೆ ಮತ್ತು ಪ್ರಾಸಿಕ್ಯೂಟರುಗಳೇ ನೇರವಾಗಿ ತನಿಖೆ ಮಾಡುವ ಕೇಸುಗಳಿಗೆ ಮಾತ್ರ. ಕುಡಿದು ಓಡಿಸಿದ ಸಾಮಾನ್ಯ ಕೇಸು ಅದರ ಹೊರಗಿದೆ. ವಿಚಾರಣೆಯಲ್ಲಿ ವಕೀಲರು ಪಕ್ಕದಲ್ಲಿರಬೇಕೆಂದು ಅಲ್ಲಿನ ವಕೀಲರ ಒಕ್ಕೂಟ ಕೇಳುತ್ತಲೇ ಬಂದಿದೆ. ಹಾಗೆ ಮಾಡಿದರೆ ತನಿಖೆ ಕೆಡುತ್ತದೆ ಎಂಬ ವಾದವನ್ನು ನಾನು ನಂಬುವುದಿಲ್ಲ: ಪಕ್ಕದ ದಕ್ಷಿಣ ಕೊರಿಯಾದಲ್ಲೂ ತೈವಾನಿನಲ್ಲೂ ವಕೀಲರು ಆ ಕೋಣೆಯೊಳಗೆ ಕೂರುತ್ತಾರೆ, ಅಲ್ಲಿನ ಪೊಲೀಸರೂ ಕುಡಿದ ಚಾಲಕರನ್ನು ಹಿಡಿದು ಶಿಕ್ಷೆ ಕೊಡಿಸುತ್ತಲೇ ಇದ್ದಾರೆ.