ಹಿತವಚನದ ಹೊಣೆ: ಜೇನ್ ಆಸ್ಟೆನ್ನಳ ‘ಪರ್ಸುಯೇಷನ್’

ಹಿತವನ್ನು ಬಯಸುವುದು ಬೇರೆ, ಹಿತವನ್ನು ಅರಿಯುವುದು ಬೇರೆ. ಬಯಸಲು ವಾತ್ಸಲ್ಯವೊಂದಿದ್ದರೆ ಸಾಕು. ಅರಿಯಲು ವಿವೇಕ ಬೇಕು. ಮನೆಯ ಹಿರಿಯರಲ್ಲಿ ಮೊದಲನೆಯದು ಧಾರಾಳವಾಗಿರುತ್ತದೆ. ಎರಡನೆಯದು ಎಲ್ಲ ವೇಳೆಯಲ್ಲಿಯೂ ಇರುವುದೆಂದು ಹೇಳಲಾಗದು. ವಿವಾಹದಂತಹ ವಿಷಯದಲ್ಲಿ ಈ ಕೊರತೆಯ ಫಲವನ್ನು ಉಣ್ಣಬೇಕಾದವರು ಮಾತ್ರ ಕಿರಿಯರು. ಈ ವಸ್ತುವನ್ನು ಕೈಗೆತ್ತಿಕೊಂಡ ಕಾದಂಬರಿಗಳಲ್ಲಿ ಆಂಗ್ಲ ಲೇಖಕಿ ಜೇನ್ ಆಸ್ಟೆನ್ನಳ ‘ಪರ್ಸುಯೇಷನ್’ ಎತ್ತರದ ಸ್ಥಾನಕ್ಕೆ ಅರ್ಹವಾದುದು. ಮನವೊಲಿಸುವುದು, ಬುದ್ಧಿ ಹೇಳಿ ಒಪ್ಪಿಸುವುದು ಎಂಬುದು ಆ ಪದದ ಅರ್ಥ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾಲಕ್ಕೆ ನಾವು ಇದನ್ನು ಒಂದು ಪ್ರೇಮಕಥೆಯೆಂದೇ ಓದಿದ್ದೆವು. ಈಚೆಗೆ ಮತ್ತೊಮ್ಮೆ ಓದಿದಾಗ, ಪ್ರೇಮಿಗಳಿಗಿಂತಲೂ ಅವರನ್ನು ಅಗಲಿಸಿದ ಹಿರಿಯಳ ಮೇಲೆ ನಮ್ಮ ದೃಷ್ಟಿ ನೆಟ್ಟಿತು.

ಆಸ್ಟೆನ್ ಈ ಕೃತಿಯನ್ನು 1815ರಲ್ಲಿ ಆರಂಭಿಸಿ 1816ರ ಆಗಸ್ಟ್ ತಿಂಗಳಲ್ಲಿ ಮುಗಿಸಿದಳು. ಆಕೆ ಪೂರ್ಣಗೊಳಿಸಿದ ಕೊನೆಯ ಕಾದಂಬರಿ ಇದು. 1817ರ ಜುಲೈ 18ರಂದು, ತನ್ನ 41ನೆಯ ವಯಸ್ಸಿನಲ್ಲಿ, ವಿಂಚೆಸ್ಟರ್ ನಗರದಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಂಥವು ಪ್ರಕಟವಾಯಿತು. ಮುಖಪುಟದ ಮೇಲೆ ಮಾತ್ರ 1818 ಎಂದು ಅಚ್ಚಾಗಿತ್ತು. ಅಚ್ಚಾದ ಪುಸ್ತಕವನ್ನು ಬರೆದವಳು ಕಾಣಲಿಲ್ಲ.

ಕಥೆ ಸರಳವಾದುದು. ಸಾಮರ್‌ಸೆಟ್ ಪ್ರಾಂತದ ಕೆಲಿಂಚ್ ಎಂಬ ಊರಿನ ಭೂಮಾಲೀಕ ಸರ್ ವಾಲ್ಟರ್ ಎಲಿಯಟ್ ‘ಬ್ಯಾರನೆಟ್’ ಎಂಬ ವಂಶಪಾರಂಪರ್ಯದ ಬಿರುದುಳ್ಳವನು. ಇಂತಹ ಬಿರುದುಳ್ಳ ಮನೆತನಗಳ ವಂಶಾವಳಿಯ ಗ್ರಂಥವೊಂದೇ ಅವನ ಪಾರಾಯಣದ ಪುಸ್ತಕ. ಅವನ ಎರಡನೆಯ ಮಗಳು ಆ್ಯನ್. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಇವಳಿಗೆ ತಾಯಿಯ ಗೆಳತಿ ಲೇಡಿ ರಸೆಲ್ ತಾಯಿಯಾಗಿ ನಿಲ್ಲುತ್ತಾಳೆ. 1806ರ ಬೇಸಿಗೆಯಲ್ಲಿ ನೌಕಾದಳದ ತರುಣ ಅಧಿಕಾರಿ ಫ್ರೆಡರಿಕ್ ವೆಂಟ್‌ವರ್ತ್ ನೆರೆಯೂರಿಗೆ ಬರುತ್ತಾನೆ. ಅವನಿಗೆ ತಂದೆತಾಯಿಗಳಿಲ್ಲ, ಆಸ್ತಿಯಿಲ್ಲ. ಅಣ್ಣನು ಆ ಊರಿನ ಚರ್ಚಿನಲ್ಲಿ ಸಾಮಾನ್ಯ ಪಾದ್ರಿ. ಇವಳಿಗೆ 19 ವರ್ಷ, ಅವನಿಗೆ 23. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಮಾತು ಕೊಟ್ಟುಕೊಳ್ಳುತ್ತಾರೆ.

ತಂದೆ ಬೇಡವೆನ್ನುವುದಿಲ್ಲ, ಅಚ್ಚರಿಪಟ್ಟು, ಮುಖ ಗಂಟಿಕ್ಕಿ, ಮಗಳಿಗೆ ಏನನ್ನೂ ಕೊಡೆನೆಂಬ ನಿಶ್ಚಯದಲ್ಲಿ ಮೌನ ತಾಳುತ್ತಾನೆ. ಅಂತಹ ತಂದೆಯ ಮೌನವನ್ನು ಆ್ಯನ್ ಎದುರಿಸಬಲ್ಲವಳಾಗಿದ್ದಳು. ಅವಳನ್ನು ಸೋಲಿಸಿದುದು ಲೇಡಿ ರಸೆಲ್ಲಳ ಪ್ರೀತಿ. ನೆಲೆಯಿಲ್ಲದವನ ಕೈಹಿಡಿದು ಬಾಳನ್ನು ಸವೆಸಬೇಡವೆಂದು ಆಕೆ ಅಕ್ಕರೆಯಿಂದಲೇ ತಿಳಿಹೇಳುತ್ತಾಳೆ. ಈ ಬಂಧನವು ಬಡ ಅಧಿಕಾರಿಯ ಏಳಿಗೆಗೂ ಅಡ್ಡಿಯಾದೀತೆಂದು ಭಾವಿಸಿ, ಅವನ ಹಿತಕ್ಕಾಗಿಯೇ ತ್ಯಾಗ ಮಾಡುತ್ತಿರುವೆನೆಂಬ ಸಮಾಧಾನದಿಂದ ಆ್ಯನ್ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುತ್ತಾಳೆ. ಅವನು ಕೆರಳಿ ಊರು ಬಿಡುತ್ತಾನೆ. ಎಂಟು ವರ್ಷಗಳು ಸಂದಮೇಲೆ, 1814ರಲ್ಲಿ, ಸಾಲದಲ್ಲಿ ಮುಳುಗಿದ ಸರ್ ವಾಲ್ಟರ್ ತನ್ನ ಮನೆಯನ್ನು ಬಾಡಿಗೆಗೆ ಕೊಡಬೇಕಾಗುತ್ತದೆ. ಬಾಡಿಗೆಗೆ ಬಂದ ನೌಕಾಸೇನಾಪತಿಯ ಪತ್ನಿಯೇ ವೆಂಟ್‌ವರ್ತನ ಅಕ್ಕ. ಯುದ್ಧದಲ್ಲಿ ಶತ್ರುನೌಕೆಗಳನ್ನು ಸೆರೆಹಿಡಿದು, ಅದರ ಪಾಲಿನ ಹಣದಿಂದ 25,000 ಪೌಂಡುಗಳ ಒಡೆಯನಾಗಿ ಅವನು ಅಕ್ಕನನ್ನು ಕಾಣಲು ಅದೇ ಊರಿಗೆ ಬರುತ್ತಾನೆ. ಆ್ಯನ್ನಳಿಗೆ ಈಗ 27. ಗುರುತೇ ಸಿಗದಷ್ಟು ಬದಲಾಗಿದ್ದಾಳೆಂದು ಅವನಾಡಿದ ಮಾತು ಅವಳ ಕಿವಿಗೂ ಬೀಳುತ್ತದೆ.

ಇಷ್ಟನ್ನು ಓದುವಾಗ ಸಂಸ್ಕೃತ ಸಾಹಿತ್ಯದ ಪರಿಚಯವುಳ್ಳವರಿಗೆ ಶಾಕುಂತಲವು ನೆನಪಾಗದಿರದು. ಅಲ್ಲಿಯೂ ಅರಸನಿಗೂ ಆಶ್ರಮಕನ್ಯೆಗೂ ನಡುವೆ ಅಂತಸ್ತಿನ ಅಂತರವುಂಟು. ಪ್ರೇಮ, ನಿರಾಕರಣ, ದೀರ್ಘವಿರಹ, ಪುನರ್ಮಿಲನ ಎಂಬ ಕ್ರಮವುಂಟು. ಮಹಾಭಾರತದ ಮೂಲಕಥೆಯಲ್ಲಿ ದುಷ್ಯಂತನು ಅರಿತೂ ಅರಿಯದವನಂತೆ ನಟಿಸುತ್ತಾನೆ. ಕಾಳಿದಾಸನು ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ನಾಯಕನನ್ನು ಆ ಕಲಂಕದಿಂದ ಪಾರುಮಾಡಿದನು. ಕೊನೆಯಲ್ಲಿ ಮಾರೀಚ ಮಹರ್ಷಿಗಳು ಶಾಪದ ಸಂಗತಿಯನ್ನು ತಿಳಿಸಿದೊಡನೆ ಇಬ್ಬರ ಮನಸ್ಸೂ ಹಗುರಾಗುತ್ತದೆ. ಆಸ್ಟೆನ್ನಳ ಲೋಕದಲ್ಲಿ ದೂರ್ವಾಸರೂ ಇಲ್ಲ, ಮಾರೀಚರೂ ಇಲ್ಲ. ಅಗಲಿಕೆಗೆ ಕಾರಣ ಮನುಷ್ಯರಾಡಿದ ಮಾತು. ಆದುದರಿಂದ ಪ್ರತಿಯೊಬ್ಬರೂ ತಮ್ಮ ಪಾಲಿನ ತಪ್ಪನ್ನು ತಾವೇ ಹುಡುಕಿಕೊಳ್ಳಬೇಕು. ಕಾದಂಬರಿಯ ಕ್ರಿಯೆಯೆಲ್ಲವೂ ಈ ಹುಡುಕಾಟವೇ ಆಗಿದೆ.

ಮೊದಲು ವೆಂಟ್‌ವರ್ತನ ಪಾಲು. ಆ್ಯನ್ನಳದು ದುರ್ಬಲ ಮನಸ್ಸೆಂದು ತೀರ್ಮಾನಿಸಿದ ಅವನು, ದೃಢಚಿತ್ತದ ಹೆಣ್ಣನ್ನೇ ವರಿಸುವೆನೆಂದು ನಿಶ್ಚಯಿಸಿ, ನೆರೆಯ ತರುಣಿ ಲೂಯಿಸಾ ಮಸ್‌ಗ್ರೋವಳ ಹಟವನ್ನೇ ದೃಢತೆಯೆಂದು ಕೊಂಡಾಡುತ್ತಾನೆ. ಲೈಮ್ ಎಂಬ ಕಡಲತೀರದ ಪಟ್ಟಣದಲ್ಲಿ ಆ ಹೊಗಳಿಕೆಗೆ ಫಲ ದೊರೆಯುತ್ತದೆ. ಬೇಡವೆಂದರೂ ಕೇಳದೆ ಲೂಯಿಸಾ ಕಟ್ಟೆಯ ಮೆಟ್ಟಿಲಿನ ಮೇಲಿಂದ ಜಿಗಿದು, ತಲೆಗೆ ಪೆಟ್ಟಾಗಿ, ಪ್ರಜ್ಞೆ ತಪ್ಪಿ ಬೀಳುತ್ತಾಳೆ. ರಣರಂಗವನ್ನು ಕಂಡ ಅವನೇ ಕಂಗೆಟ್ಟು ನಿಂತಾಗ, ವೈದ್ಯನನ್ನು ಕರೆಸಬೇಕೆಂಬ ಅರಿವೂ, ಆ ಊರು ಬಲ್ಲವರನ್ನೇ ಕಳುಹಬೇಕೆಂಬ ಸಮಯಪ್ರಜ್ಞೆಯೂ ‘ದುರ್ಬಲ’ಳಾದ ಆ್ಯನ್ನಳಿಗೇ ಇರುತ್ತವೆ. ಹಟಕ್ಕೂ ಸ್ಥೈರ್ಯಕ್ಕೂ ಇರುವ ಭೇದವನ್ನು ಲೇಖಕಿ ಉಪದೇಶದಿಂದ ಹೇಳಿಸದೆ ಘಟನೆಯಿಂದ ಕಾಣಿಸಿರುವುದು ಔಚಿತ್ಯಪೂರ್ಣವಾಗಿದೆ.

ಇದಕ್ಕಿಂತ ಆಳವಾದ ತಪ್ಪೊಂದನ್ನು ಅವನು ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. 1808ರಲ್ಲಿಯೇ ಕೈಯಲ್ಲಿ ಕೆಲವು ಸಾವಿರ ಪೌಂಡುಗಳಿದ್ದು, ನೌಕೆಯೊಂದರ ಅಧಿಪತ್ಯವೂ ದೊರೆತಿದ್ದಾಗ ಅವಳಿಗೆ ಒಂದು ಪತ್ರ ಬರೆದಿದ್ದರೆ ಅವಳು ಒಪ್ಪುತ್ತಿದ್ದಳೇ ಎಂದು ಕೇಳುತ್ತಾನೆ. ಅವಳ ಉತ್ತರದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆ ಒಂದು ಪತ್ರವನ್ನು ತಡೆದುದು ಅವನ ಅಭಿಮಾನ. ಮೊದಲ ಎರಡು ವರ್ಷಗಳ ವಿರಹಕ್ಕೆ ಲೇಡಿ ರಸೆಲ್ ಕಾರಣಳಾದರೆ, ಉಳಿದ ಆರು ವರ್ಷಗಳಿಗೆ ಅವನೇ ಕಾರಣ. ಈ ಲೆಕ್ಕವನ್ನು ಅವನೇ ಮಾಡಿಕೊಳ್ಳುವಂತೆ ಮಾಡಿರುವುದರಲ್ಲಿ ಪಾತ್ರಕ್ಕೆ ಘನತೆ ಬಂದಿದೆ.

ಇನ್ನು ಲೇಡಿ ರಸೆಲ್. ಈ ಪಾತ್ರದ ಪೋಷಣೆಯಲ್ಲಿ ಆಸ್ಟೆನ್ ತೋರಿದ ಸಂಯಮವು ಪ್ರಶಂಸೆಗೆ ಪಾತ್ರವಾದುದು. ಸಾಮಾನ್ಯ ಲೇಖಕರ ಕೈಯಲ್ಲಿ ಇವಳು ದುಷ್ಟಳಾಗಿ ಬಿಡುತ್ತಿದ್ದಳು. ಇಲ್ಲಿ ಇವಳು ಸುಶಿಕ್ಷಿತಳು, ಧರ್ಮಭೀರು, ಆ್ಯನ್ನಳ ಗುಣವನ್ನು ನಿಜವಾಗಿ ಬಲ್ಲ ಏಕೈಕ ಹಿರಿಯಳು. ದೋಷವಿರುವುದು ಅವಳು ಹಿಡಿದ ಅಳತೆಗೋಲಿನಲ್ಲಿ. ಅಂತಸ್ತಿಗೂ ನಡೆನುಡಿಯ ನಯಕ್ಕೂ ಅವಳು ಹೆಚ್ಚು ಬೆಲೆ ಕಟ್ಟುತ್ತಾಳೆ. ವೆಂಟ್‌ವರ್ತನ ಉತ್ಸಾಹ ಅವಳಿಗೆ ಅವಿವೇಕವಾಗಿ ಕಂಡಿತು. ಎಂಟು ವರ್ಷಗಳ ನಂತರ ಬಾತ್ ನಗರದಲ್ಲಿ, ಸರ್ ವಾಲ್ಟರನ ಬಿರುದಿಗೆ ಉತ್ತರಾಧಿಕಾರಿಯಾದ ಎಲಿಯಟ್ ಎಂಬವನ ಮೃದುಭಾಷೆ ಅವಳಿಗೆ ಸದ್ಗುಣವಾಗಿ ಕಾಣುತ್ತದೆ; ಅವನು ಒಳಗೆ ಸ್ವಾರ್ಥಿ, ಕಠಿಣಹೃದಯಿ. ಈ ಎರಡನೆಯ ತಪ್ಪಿನಿಂದಲೇ ಮೊದಲನೆಯ ತಪ್ಪಿನ ಬೇರು ನಮಗೆ ಕಾಣುತ್ತದೆ. ಒಳ್ಳೆಯ ಮನಸ್ಸಿನವರು ಕೆಟ್ಟ ಅಳತೆಗೋಲಿನಿಂದ ಅಳೆದರೆ, ಅಳತೆ ಪ್ರತಿಸಲವೂ ತಪ್ಪುತ್ತದೆ.

ಪುನರ್ಮಿಲನದ ಅಧ್ಯಾಯವನ್ನು ಆಸ್ಟೆನ್ ಎರಡು ಬಾರಿ ಬರೆದಳು. ಮೊದಲ ರೂಪದ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿದೆ. ಅದರಲ್ಲಿ ವೆಂಟ್‌ವರ್ತನು ಭಾವನ ಮಾತಿನಂತೆ, ಆ್ಯನ್ ಎಲಿಯಟನನ್ನು ವರಿಸಲಿರುವಳೇ ಎಂದು ಅವಳನ್ನೇ ವಿಚಾರಿಸಬೇಕಾಗುತ್ತದೆ. ಅವಳು ಇಲ್ಲವೆಂದಾಗ ನೋಟ ನೋಟ ಕಲೆತು ಎಲ್ಲವೂ ಮುಗಿಯುತ್ತದೆ. ಅದು ಲೇಖಕಿಗೆ ತೃಪ್ತಿ ಕೊಡಲಿಲ್ಲ. ತಿದ್ದಿದ ರೂಪದಲ್ಲಿ, ಬಾತ್ ನಗರದ ವಸತಿಗೃಹವೊಂದರಲ್ಲಿ ಆ್ಯನ್ ಮತ್ತೊಬ್ಬ ನೌಕಾಧಿಕಾರಿಯೊಡನೆ ಸ್ತ್ರೀಪುರುಷರ ಪ್ರೇಮದಲ್ಲಿ ಯಾರದು ಹೆಚ್ಚು ಸ್ಥಿರವೆಂದು ಚರ್ಚಿಸುತ್ತಾಳೆ. ಗ್ರಂಥಗಳೆಲ್ಲವೂ ಹೆಣ್ಣಿನ ಚಂಚಲತೆಯನ್ನು ಸಾರುತ್ತವೆಂದು ಅವನೆಂದಾಗ, ಗ್ರಂಥ ಬರೆದವರು ಗಂಡಸರೇ ಆದುದರಿಂದ ಆ ಸಾಕ್ಷ್ಯ ಸಲ್ಲದೆಂದು ಅವಳು ಶಾಂತವಾಗಿ ವಾದಿಸುತ್ತಾಳೆ. ಪಕ್ಕದಲ್ಲಿಯೇ ಪತ್ರ ಬರೆಯುತ್ತ ಕುಳಿತ ವೆಂಟ್‌ವರ್ತ್ ಅದನ್ನು ಕೇಳಿಸಿಕೊಂಡು, ತನ್ನ ಹೃದಯವನ್ನೇ ತೋಡಿಕೊಂಡ ಮತ್ತೊಂದು ಪತ್ರವನ್ನು ಅವಳ ಮುಂದಿಟ್ಟು ಹೊರಡುತ್ತಾನೆ. ಎಂಟು ವರ್ಷಗಳ ಹಿಂದೆ ಹಿರಿಯಳ ಮಾತಿಗೆ ಮಣಿದು ತನ್ನ ಮಾತನ್ನು ನುಂಗಿದವಳು ಈಗ ತನ್ನ ಮಾತಿನಿಂದಲೇ ಪ್ರಿಯನನ್ನು ಮರಳಿ ಪಡೆಯುತ್ತಾಳೆ. ವಿಪ್ರಲಂಭವು ಸಂಭೋಗಶೃಂಗಾರಕ್ಕೆ ತಿರುಗುವ ಈ ಸಂಧಿಯಲ್ಲಿ ಸ್ಪರ್ಶವಿಲ್ಲ, ನೇರವಾದ ಸಂಭಾಷಣೆಯೂ ಇಲ್ಲ. ಆದರೂ ರಸಪೋಷಣೆ ಪೂರ್ಣವಾಗಿದೆ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಎಲಿಯಟನ ಕಪಟವು ಆ್ಯನ್ನಳ ಬಡ ಗೆಳತಿ ಶ್ರೀಮತಿ ಸ್ಮಿತ್‌ಳಲ್ಲಿದ್ದ ಹಳೆಯ ಪತ್ರದಿಂದ ಬಯಲಾಗುವುದು ತೀರ ಅನುಕೂಲಸಿಂಧುವಾಗಿದೆ. ಅದೇ ಗೆಳತಿಯ ಪತಿಗಿದ್ದ ವೆಸ್ಟ್ ಇಂಡೀಸಿನ ಆಸ್ತಿಯನ್ನು ವೆಂಟ್‌ವರ್ತ್ ಮರಳಿ ಕೊಡಿಸುತ್ತಾನೆ; ಅಲ್ಲಿನ ತೋಟಗಳು ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಕಾಲವದು. ಲೇಖಕಿ ಆ ವಿಷಯದಲ್ಲಿ ಮೌನವಾಗಿದ್ದಾಳೆ. ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯೊಂದುಂಟು. ವೆಂಟ್‌ವರ್ತ್ ಬಡವನಾಗಿಯೇ ಮರಳಿದ್ದರೆ ಏನಾಗುತ್ತಿತ್ತು? ಸರ್ ವಾಲ್ಟರ್ ಒಪ್ಪಿದುದು 25,000 ಪೌಂಡುಗಳನ್ನು. ಮಗಳಿಗೆ ಸಲ್ಲಬೇಕಾದ 10,000 ಪೌಂಡುಗಳಲ್ಲಿ ಅಲ್ಪಾಂಶವನ್ನಷ್ಟೇ ಕೊಡಬಲ್ಲ ಸ್ಥಿತಿಗೆ ಅವನು ಇಳಿದಿರುತ್ತಾನೆ. ಅಂತಸ್ತಿನ ಗೋಡೆ ಇಲ್ಲಿ ಉರುಳಲಿಲ್ಲ. ಹಣ ಕೊಟ್ಟವನಿಗೆ ಬಾಗಿಲು ತೆರೆಯಿತು, ಅಷ್ಟೆ. ಆದರೆ ಆ್ಯನ್ನಳ ಮಟ್ಟಿಗೆ ಆ ಗೋಡೆ ಎಂದೂ ಇರಲಿಲ್ಲವೆಂಬುದಕ್ಕೆ ಲೇಖಕಿ ಸಾಕ್ಷ್ಯವನ್ನಿಟ್ಟಿದ್ದಾಳೆ. ತಂದೆ ಉನ್ನತ ಪದವಿಯ ಬಂಧುಗಳ ಔತಣಕ್ಕೆ ಕರೆದ ದಿನವೇ ಅವಳು ಒಂದು ಕಿರುಮನೆಯಲ್ಲಿ ರೋಗಿಷ್ಠಳಾಗಿ ಬಿದ್ದಿದ್ದ ಶ್ರೀಮತಿ ಸ್ಮಿತ್‌ಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾಳೆ. ಒಮ್ಮೆ ಮಾತು ಮುರಿದು ನೊಂದವಳು ಮತ್ತೆ ಮುರಿಯುವುದಿಲ್ಲ.

ಈ ಕಾದಂಬರಿಯಲ್ಲಿ ವಿಮರ್ಶಕರ ವಾದಕ್ಕೆ ಆಸ್ಪದ ಕೊಡುವ ಸ್ಥಳವೊಂದಿದೆ. ಎಲ್ಲವೂ ಸುಖಾಂತವಾದ ಮೇಲೆ ಆ್ಯನ್ ವೆಂಟ್‌ವರ್ತನಿಗೆ ತನ್ನ ನಿಲುವನ್ನು ತಿಳಿಸುತ್ತಾಳೆ. ಲೇಡಿ ರಸೆಲ್ಲಳ ಸಲಹೆ ತಪ್ಪಾಗಿತ್ತು. ತಾಯಿಯ ಸ್ಥಾನದಲ್ಲಿದ್ದವಳಿಗೆ ತಾನು ಮಣಿದುದು ಮಾತ್ರ ತಪ್ಪಲ್ಲ. ಆದರೆ ಅಂತಹುದೇ ಸಂದರ್ಭದಲ್ಲಿ ಅಂತಹ ಸಲಹೆಯನ್ನು ತಾನು ಯಾರಿಗೂ ಕೊಡಲಾರೆ. ಇದನ್ನು ವಿಧೇಯತೆಯ ದುರ್ಬಲ ಸಮರ್ಥನೆಯೆಂದು ಭಾವಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಆ್ಯನ್ ಇಲ್ಲಿ ಎರಡು ಋಣಗಳನ್ನು ಬಿಡಿಸಿ ನೋಡುತ್ತಿದ್ದಾಳೆ. ಹತ್ತೊಂಬತ್ತರ ಹುಡುಗಿ ಕೇಳಿದಳು, ಅವಳ ಕರ್ತವ್ಯ ಮುಗಿಯಿತು. ಹೇಳಿದವಳ ಹೊಣೆ ಮುಗಿಯಲಿಲ್ಲ. ಕೇಳಿದವಳ ಮೇಲೆ ಹೊರೆ ಹೊರಿಸಿ ಹೇಳಿದವರು ತಪ್ಪಿಸಿಕೊಳ್ಳುವ ದಾರಿಯನ್ನು ಅವಳ ಮಾತು ಮುಚ್ಚುತ್ತದೆ. ಆದುದರಿಂದಲೇ ಕೊನೆಯ ಅಧ್ಯಾಯದಲ್ಲಿ ಲೇಡಿ ರಸೆಲ್, ತಾನು ಇಬ್ಬರನ್ನು ಕುರಿತೂ ಪೂರ್ಣವಾಗಿ ತಪ್ಪಿದೆನೆಂದು ಒಪ್ಪಿ, ಹೊಸ ಅಭಿಪ್ರಾಯಗಳನ್ನು ಕಲಿಯಬೇಕಾಗುತ್ತದೆ. ಆಕೆ ಕಲಿಯುತ್ತಾಳೆ ಕೂಡ. ಹಿರಿಯರ ಪ್ರಾಯಶ್ಚಿತ್ತವಿಲ್ಲದೆ ಕಿರಿಯರ ಪುನರ್ಮಿಲನವು ಪೂರ್ಣವಾಗದೆಂಬುದೇ ಈ ಕೃತಿಯ ಧ್ವನಿ ಎಂದು ನಮ್ಮ ಭಾವನೆ.

ಮಕ್ಕಳ ವಿವಾಹದ ವಿಷಯದಲ್ಲಿ ಸಲಹೆ ಕೇಳಿ ನಮ್ಮ ಬಳಿಗೆ ಬರುವ ತಂದೆತಾಯಿಗಳು ಕಡಿಮೆಯಲ್ಲ. ಮನೆತನವೇನು, ಹೊಲವೆಷ್ಟು, ನೌಕರಿ ಯಾವುದು ಎಂದು ನಾವೂ ಎಷ್ಟೋ ಬಾರಿ ಮೊದಲು ಕೇಳಿದ್ದುಂಟು. ಹುಡುಗಿಯ ಮನಸ್ಸನ್ನು ವಿಚಾರಿಸಿದುದು ಅನಂತರ. ಕೆಲವೊಮ್ಮೆ ವಿಚಾರಿಸದೆಯೂ ಇದ್ದೇವೆ. ಹಾಗೆ ನಾವಾಡಿದ ಮಾತುಗಳಲ್ಲಿ ಎಷ್ಟು ಸರಿಹೋದವು, ಎಷ್ಟು ಯಾರ ಬಾಳನ್ನು ಬರಡುಮಾಡಿದವು ಎಂಬ ಲೆಕ್ಕ ನಮ್ಮಲ್ಲಿಲ್ಲ. ತಲೆಬಾಗಿ ಹೋದವರು ಮರಳಿ ಬಂದು ಹೇಳುವುದಿಲ್ಲ. ಆ್ಯನ್ನಳಿಗೆ ಎಂಟು ವರ್ಷಗಳ ಮೇಲಾದರೂ ಎರಡನೆಯ ಅವಕಾಶ ದೊರೆಯಿತು. ಅದು ಕಾದಂಬರಿ. ಬಾಳಿನಲ್ಲಿ ಅಂತಹ ಅವಕಾಶ ಎಲ್ಲರಿಗೂ ದೊರೆಯದು. ಆದುದರಿಂದ ಈ ಗ್ರಂಥವನ್ನು ತರುಣರಿಗಿಂತ ಮೊದಲು ಮನೆಯ ಹಿರಿಯರು ಓದಬೇಕು. ಓದಿದ ಮೇಲೆ ತಮ್ಮ ಕೈಯಲ್ಲಿರುವ ಅಳತೆಗೋಲನ್ನು ಒಮ್ಮೆ ದಿಟ್ಟಿಸಿ ನೋಡಿಕೊಳ್ಳಬೇಕು.