ಗಾಡಿಚಕ್ರದ ಮೇಲಿನ ಬೆಳಕು

‘ಕ್ರಿಸ್‌ಮಸ್ ಯಾವಾಗ?’ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳಿಗೆ ಆಶ್ರಯ ಕೊಟ್ಟಿದ್ದ ಯೋಹಾನ್ ಹಿನ್ರಿಶ್ ವಿಖೆರ್ನ್, 1839ರಲ್ಲಿ ಹಳೆಯ ಗಾಡಿಚಕ್ರವೊಂದರ ಮೇಲೆ ಮೇಣದಬತ್ತಿ ನಿಲ್ಲಿಸಿ ಉತ್ತರ ಕೊಟ್ಟರು: ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿಯವು ನಾಲ್ಕು. ದಿನಕ್ಕೊಂದು ಹೊತ್ತಿಸುತ್ತ ಹೋದರೆ ಕಾಯುವುದೇ ಹಬ್ಬ.

ಇಂದು ಆ ಚಕ್ರದ ಜಾಗಕ್ಕೆ ಬಂದಿರುವ, ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳ) ಹಸಿರು ಮಾಲೆಯಲ್ಲಿ ಉಳಿದಿರುವುದು ಸಾಮಾನ್ಯವಾಗಿ ಭಾನುವಾರದ ನಾಲ್ಕೇ ಬತ್ತಿ. ಕಥೋಲಿಕರಲ್ಲಿ ಮೂರು ನೇರಳೆ, ಪಶ್ಚಾತ್ತಾಪಕ್ಕೆ. ಮೂರನೆಯ ಭಾನುವಾರದ್ದು ಗುಲಾಬಿ, ಸಂತೋಷಕ್ಕೆ. ಯೇಸುವೇ ಲೋಕದ ಬೆಳಕು ಎಂಬ ನಂಬಿಕೆ ಇದರ ತಿರುಳು. ನನಗೆ ಹಿಡಿಸುವುದು ಇದರ ನಿಧಾನ. ಯುರೋಪಿನ ಡಿಸೆಂಬರಿನಲ್ಲಿ ಇರುಳು ಬೆಳೆಯುತ್ತಿದ್ದಂತೆ ಮಾಲೆಯಲ್ಲಿ ಬೆಳಕೂ ವಾರಕ್ಕೊಂದು ಕುಡಿಯಂತೆ ಬೆಳೆಯುತ್ತದೆ. ಮೊದಲು ಹಚ್ಚಿದ ಬತ್ತಿ ಎಲ್ಲಕ್ಕಿಂತ ಗಿಡ್ಡ. ಹೆಚ್ಚು ಕಾದದ್ದೂ ಅದೇ.